ಕುಲಾಂತರಿ ಮರವನ್ನು ಬಯಲಿಗಿಳಿಸಿ ಪರೀಕ್ಷಿಸುವುದು ಹೇಗೆ?

ಮರದಿಂದ ಎಥೆನಾಲ್ ತೆಗೆಯಲು ಹೊರಟವರು ಮೊದಲು ಮರದೊಳಗಿನ ಲಿಗ್ನಿನ್ ಎಂಬ ಗಟ್ಟಿ ವಸ್ತುವಿನ ಜೊತೆ ಗುದ್ದಾಡಬೇಕು. ಕಿಣ್ವಗಳು ಮರದೊಳಗಿನ ಸೆಲ್ಯುಲೋಸನ್ನು ಸಕ್ಕರೆಯಾಗಿ ಒಡೆಯುತ್ತವೆ, ಯೀಸ್ಟ್ ಆ ಸಕ್ಕರೆಯನ್ನು ಎಥೆನಾಲ್ ಮಾಡುತ್ತದೆ. ಲೆಕ್ಕ ಇಷ್ಟೇ. ಆದರೆ ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ ಲಿಗ್ನಿನ್ ಆ ಸೆಲ್ಯುಲೋಸ್ ಎಳೆಗಳನ್ನು ಕಚ್ಚಿ ಹಿಡಿದಿರುತ್ತದೆ, ಕಿಣ್ವಕ್ಕೆ ಒಳಗೆ ಹೋಗಲು ಬಿಡುವುದಿಲ್ಲ. ಅದಕ್ಕೇ ಪಾಪ್ಲರ್ ಎಂಬ ಬೇಗ ಬೆಳೆಯುವ ಮರವನ್ನು ಆರಿಸಿ, ಲಿಗ್ನಿನ್ ಕಡಿಮೆ ಇರುವ ಕುಲಾಂತರಿ ಪಾಪ್ಲರ್‌ಗಳನ್ನು ವಿಜ್ಞಾನಿಗಳು ರೂಪಿಸಿದ್ದಾರೆ.

ಹಾಗಂತ ಲಿಗ್ನಿನ್ ಮರಕ್ಕೆ ಬೇಡದ ವಸ್ತುವಲ್ಲ. ಮರ ನೆಟ್ಟಗೆ ನಿಲ್ಲುವುದು ಅದರಿಂದಲೇ. ಬೇರಿನಿಂದ ಎಲೆಗೆ ನೀರು ಹೋಗುವ ನಾಳಗಳು ಕುಸಿಯದೆ ಇರುವುದೂ ಅದರಿಂದಲೇ. ಹಸಿರುಮನೆಯಲ್ಲಿ ಬಿರುಗಾಳಿ ಇಲ್ಲ, ಬರ ಇಲ್ಲ, ಹುಳದ ಕಾಟವೂ ಕಡಿಮೆ. ಅಲ್ಲಿ ಸೊಂಪಾಗಿ ಬೆಳೆದ ಸಸಿ ಹೊರಗೆ ಬದುಕುತ್ತದಾ ಅಂತ ತಿಳಿಯಲು ಹೊರಗೇ ನೆಡಬೇಕು. ಬೇರೆ ದಾರಿ ಇಲ್ಲ.

ಮೊದಲು ಪ್ರಶ್ನೆ ಸರಿಯಾಗಿರಲಿ

‘ಲಿಗ್ನಿನ್ ಎಷ್ಟು ಕಡಿಮೆಯಾಯಿತು?’ ಅನ್ನುವುದು ಅರ್ಧ ಪ್ರಶ್ನೆ. ‘ಒಂದು ಹೆಕ್ಟೇರಿನಿಂದ ಎಷ್ಟು ಎಥೆನಾಲ್ ಸಿಕ್ಕಿತು?’ ಅನ್ನುವುದೇ ಪೂರ್ತಿ ಪ್ರಶ್ನೆ. ಕಿಲೋ ಕಟ್ಟಿಗೆಗೆ ಎಥೆನಾಲ್ ಜಾಸ್ತಿ ಬಂದು ಕಟ್ಟಿಗೆಯೇ ಕಡಿಮೆಯಾದರೆ ಏನು ಲಾಭ, ಅಲ್ವಾ? ಮುಂದಿನ ಪ್ರತಿ ಹೆಜ್ಜೆಯನ್ನೂ ಈ ಪ್ರಶ್ನೆಗೆ ತಕ್ಕಂತೆ ಇಡಬೇಕು.

ಯಾವ ಸಸಿಗಳನ್ನು ನೆಡಬೇಕು

ಹೊಸ ಜೀನ್ ಮರದ ವರ್ಣತಂತುವಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎನ್ನುವುದು ಸಾಮಾನ್ಯವಾಗಿ ನಮ್ಮ ಕೈಯಲ್ಲಿಲ್ಲ. ಜಾಗ ಬದಲಾದರೆ ಪರಿಣಾಮವೂ ಬದಲಾಗುತ್ತದೆ. ಹಾಗಾಗಿ ಒಂದೇ ತಳಿಸಾಲನ್ನು, ಅಂದರೆ ಒಮ್ಮೆ ಜೀನ್ ಸೇರಿಸಿ ಪಡೆದ ಒಂದೇ ಸಸಿಯಿಂದ ಬೆಳೆಸಿದ ಗಿಡಗಳನ್ನು, ನಂಬಬಾರದು. ಬೇರೆ ಬೇರೆಯಾಗಿ ಜೀನ್ ಸೇರಿಸಿ ಪಡೆದ ಹಲವು ತಳಿಸಾಲುಗಳು ಬೇಕು. ಹೋಲಿಕೆಗೆ ಮಾಮೂಲಿ ಮರವೂ ಬೇಕು, ಅದೂ ಕುಲಾಂತರಿ ಸಸಿಯ ಹಾಗೇ ಅಂಗಾಂಶ ಕೃಷಿಯಲ್ಲಿ, ಅಂದರೆ ಲ್ಯಾಬಿನ ಬಾಟಲಿಯಲ್ಲಿ ಗಿಡದ ಚೂರಿನಿಂದ, ಬೆಳೆದು ಬಂದದ್ದು. ಬಾಟಲಿಯಲ್ಲಿ ಬೆಳೆಸುವುದರಿಂದಲೇ ಕೆಲವು ಸಲ ಗಿಡದ ಗುಣ ಬದಲಾಗುತ್ತದೆ. ಅದನ್ನು ಜೀನಿನ ತಲೆಗೆ ಕಟ್ಟಿದರೆ ಇಡೀ ಪ್ರಯೋಗ ದಾರಿ ತಪ್ಪುತ್ತದೆ.

ಅನುಮತಿ, ಜಾಗ, ಬೇಲಿ

ಯುರೋಪಿನಲ್ಲಿ ಇಂಥ ಪ್ರಯೋಗಗಳಿಗೆ 2001ರಲ್ಲಿ ಬಂದ ಐರೋಪ್ಯ ಒಕ್ಕೂಟದ ನಿರ್ದೇಶನ ಅನ್ವಯಿಸುತ್ತದೆ, ಅನುಮತಿ ಕೊಡುವುದು ಆಯಾ ದೇಶ. ಬೆಲ್ಜಿಯಂನ ವಿಐಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಪಾಪ್ಲರ್ ಪ್ರಯೋಗಕ್ಕೆ 2008ರಲ್ಲಿ ಅಲ್ಲಿನ ಸರ್ಕಾರ ಒಪ್ಪಲಿಲ್ಲ. 2009ರಲ್ಲಷ್ಟೇ ಸಸಿಗಳು ಮಣ್ಣು ಕಂಡವು. ಅರ್ಜಿ ಹಾಕಿದ ವರ್ಷವೇ ನೆಟ್ಟೇಬಿಡುತ್ತೇವೆ ಎಂದು ಲೆಕ್ಕ ಹಾಕಿ ಕೂರಬೇಡಿ.

ಜಾಗ ಹುಡುಕುವಾಗ ಪರಾಗದ್ದೇ ದೊಡ್ಡ ಚಿಂತೆ, ಆ ಚಿಂತೆ ನ್ಯಾಯವಾದದ್ದೇ. ಪಾಪ್ಲರ್‌ನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಪರಾಗ ಗಾಳಿಯಲ್ಲಿ ಹಾರುತ್ತದೆ, ಬೀಜವೂ ಹತ್ತಿಯಂಥ ಎಳೆ ಹಿಡಿದು ಬಹಳ ದೂರ ಹೋಗುತ್ತದೆ. ಹತ್ತಿರದಲ್ಲಿ ಕಾಡು ಪಾಪ್ಲರ್ ಇದ್ದರೆ ಅದರ ಜೊತೆ ಕೂಡಬಹುದು. ಎಲ್ಲಕ್ಕಿಂತ ಸರಳ ಉಪಾಯ, ಹೂ ಬಿಡುವ ವಯಸ್ಸಿಗೆ ಮೊದಲೇ ಬುಡಕ್ಕೆ ಕಡಿದು ಮತ್ತೆ ಚಿಗುರಲು ಬಿಡುವುದು. ಇಂಧನಕ್ಕೆ ಬೆಳೆಸುವಾಗ ಹೇಗೂ ಕೆಲವೇ ವರ್ಷಕ್ಕೊಮ್ಮೆ ಕಡಿಯುತ್ತಾರೆ. ಹೂವೇ ಸರಿಯಾಗಿ ಬಲಿಯದಂತೆ ಮಾಡುವ ದಾರಿಯೂ ಇದೆ. ಅಮೆರಿಕದ ಒರೆಗಾನ್‌ನಲ್ಲಿ ಹೂವಿನ ಬೆಳವಣಿಗೆಗೆ ಬೇಕಾದ ಲೀಫಿ ಎಂಬ ಜೀನನ್ನು ತಗ್ಗಿಸಿದ ಪಾಪ್ಲರ್‌ಗಳನ್ನು ವರ್ಷಗಟ್ಟಲೆ ಬಯಲಲ್ಲಿ ಬೆಳೆಸಿ ಇದನ್ನು ಪರೀಕ್ಷಿಸಿದ್ದಾರೆ.

ಬೇಲಿ ಮೊಲ, ಜಿಂಕೆಗಳಿಗಾಗಿ. ಮನುಷ್ಯರ ವಿರೋಧಕ್ಕೆ ಬೇಲಿ ಸಾಲದು. ಇಂಗ್ಲೆಂಡಿನ ಜೀಲಟ್ಸ್ ಹಿಲ್‌ನಲ್ಲಿ 1999ರಲ್ಲಿ ವಿರೋಧಿಗಳು ಪ್ರಯೋಗದ ಮರಗಳನ್ನೇ ನಾಶ ಮಾಡಿದರು. ಏನು ನೆಡುತ್ತಿದ್ದೇವೆ, ಯಾಕೆ, ಯಾವಾಗ ಕಡಿಯುತ್ತೇವೆ ಎಂದು ಸುತ್ತಲಿನವರಿಗೆ ಮೊದಲೇ ಬಿಚ್ಚಿ ಹೇಳಬೇಕು. ಅವರ ಸಂದೇಹ ಕೇಳಿಸಿಕೊಳ್ಳುವುದೂ ಪ್ರಯೋಗದ ಕೆಲಸವೇ ಎಂದು ನಾನು ನಂಬುತ್ತೇನೆ.

ನೆಡುವುದು

ಹೊಲದ ಒಂದು ಮೂಲೆಯಲ್ಲಿ ತೇವ ಜಾಸ್ತಿ, ಇನ್ನೊಂದರಲ್ಲಿ ಕಲ್ಲು ಜಾಸ್ತಿ. ಅದಕ್ಕೆ ಹೊಲವನ್ನು ತಾಕುಗಳಾಗಿ ಮಾಡಿ, ಪ್ರತಿ ತಾಕಿನಲ್ಲೂ ಎಲ್ಲ ತಳಿಸಾಲಿನ ಸಸಿಗಳನ್ನು ಚೀಟಿ ಎತ್ತಿದಂತೆ ಬೆರೆಸಿ ನೆಡಬೇಕು. ಸುತ್ತ ಮಾಮೂಲಿ ಪಾಪ್ಲರ್‌ನ ಅಂಚಿನ ಸಾಲು ಇರಲಿ. ಅಂಚಿನ ಮರಕ್ಕೆ ಬಿಸಿಲು ಹೆಚ್ಚು ಸಿಗುವುದರಿಂದ ಅದನ್ನು ಅಳತೆಗೆ ಹಿಡಿಯಬಾರದು.

ಅಳೆಯುವಾಗ ಮೋಸ ಹೋಗುವ ಜಾಗ

ಎತ್ತರ, ಕಾಂಡದ ದಪ್ಪ, ಎಲೆಯ ತುಕ್ಕು ರೋಗ, ಹುಳ, ಸತ್ತ ಗಿಡಗಳ ಲೆಕ್ಕ: ಇವೆಲ್ಲ ಮಾಮೂಲಿ ಅಳತೆಗಳು. ನಿಜವಾದ ಕಥೆ ತೊಗಟೆಯ ಕೆಳಗಿದೆ. ಲಿಗ್ನಿನ್ ತಯಾರಿಸಲು ಮರ ಬಳಸುವ ಸಿಸಿಆರ್ ಎಂಬ ಕಿಣ್ವವನ್ನು ತಗ್ಗಿಸಿದ ಪಾಪ್ಲರ್‌ನ ತೊಗಟೆ ಸುಲಿದರೆ ಬಿಳಿ ಕಟ್ಟಿಗೆಯ ಮೇಲೆ ಕೆಂಪು ಪಟ್ಟೆಗಳು ಕಾಣುತ್ತವೆ. ಕೆಂಪಿದ್ದಲ್ಲಿ ಹೊಸದಾಗಿ ಸೇರಿಸಿದ ಜೀನ್ ಆ ಕಿಣ್ವವನ್ನು ಚೆನ್ನಾಗಿ ತಗ್ಗಿಸಿದೆ, ಬಿಳಿ ಇದ್ದಲ್ಲಿ ಇಲ್ಲ. ಒಂದೇ ಕಾಂಡದಲ್ಲಿ ಎರಡೂ ಇರುತ್ತವೆ.

ಈಗ ಫಲಿತಾಂಶ ನೋಡಿ. ಬೆಲ್ಜಿಯಂ ಮತ್ತು ಫ್ರಾನ್ಸ್‌ನ ಬಯಲಲ್ಲಿ ಬೆಳೆದ ಈ ಮರಗಳ ವರದಿ 2014ರಲ್ಲಿ ಬಂತು. ಅತಿ ಹೆಚ್ಚು ಬದಲಾದ ಮರಗಳ ಕಟ್ಟಿಗೆಯಿಂದ ಶೇ 161ರವರೆಗೆ ಹೆಚ್ಚು ಎಥೆನಾಲ್! ಆದರೆ 20 ತಿಂಗಳ ಎಲ್ಲ ಮರಗಳನ್ನೂ, ತೊಗಟೆ ಸಮೇತ, ಸರಿಯಾಗಿ ಬದಲಾಗದ ಮರಗಳನ್ನೂ ಸೇರಿಸಿ ನೋಡಿದಾಗ ಹೆಚ್ಚಳ ಸುಮಾರು ಶೇ 20 ಮಾತ್ರ. ಅದೂ ಕಟ್ಟಿಗೆಯ ತೂಕದ ಲೆಕ್ಕದಲ್ಲಿ, ಹೆಕ್ಟೇರಿನ ಲೆಕ್ಕದಲ್ಲಲ್ಲ. ಸಿಸಿಆರ್ ಕಿಣ್ವವನ್ನು ಜೋರಾಗಿ ತಗ್ಗಿಸಿದ ಮರಗಳ ಬೆಳವಣಿಗೆಯೂ ಕುಗ್ಗಿತ್ತು. ಇದನ್ನೆಲ್ಲ ಮುಚ್ಚಿಡದೆ ಬರೆದ ಆ ತಂಡಕ್ಕೆ ನನ್ನ ಗೌರವವಿದೆ. ಒಳ್ಳೆಯ ಚೂರನ್ನಷ್ಟೇ ಆರಿಸಿ ಲ್ಯಾಬಿಗೆ ಕಳಿಸಿದರೆ ಸಿಗುವುದು ಮೊದಲ ಅಂಕಿ. ಇಂಧನ ಕಾರ್ಖಾನೆಗೆ ಸಿಗುವುದು ಎರಡನೆಯದಕ್ಕೆ ಹತ್ತಿರವಾದದ್ದು.

ಫೋರ್‌ಸಿಎಲ್ ಎಂಬ ಇನ್ನೊಂದು ಕಿಣ್ವವನ್ನು ತಗ್ಗಿಸಿದರೆ ಮರ ಬೇಗ ಬೆಳೆಯುತ್ತದೆ ಎಂದು ಮೊದಲು ವರದಿಯಾಗಿತ್ತು. ಬಯಲಲ್ಲಿ ಬೆಳೆಸಿ ನೋಡಿದ ತಂಡ 2010ರಲ್ಲಿ ಹೇಳಿದ್ದು ಬೇರೆ: ಬೆಳವಣಿಗೆ ಹೆಚ್ಚಲಿಲ್ಲ, ಸಕ್ಕರೆಯೂ ಹೆಚ್ಚಾಗಿ ಸಿಗಲಿಲ್ಲ. ಹಾಗಾಗಿ ಪ್ರತಿ ತಾಕಿನಲ್ಲೂ ಒಂದೊಂದು ತಳಿಸಾಲಿನ ಎಲ್ಲ ಮರಗಳನ್ನು ಕಡಿದು, ಒಣಗಿಸಿ ತೂಗಿ, ಆ ತಳಿಸಾಲಿನ ಕಟ್ಟಿಗೆಯನ್ನೆಲ್ಲ ಬೆರೆಸಿ ಪುಡಿ ಮಾಡಿ, ಅದರಿಂದ ಮಾದರಿ ತೆಗೆಯಿರಿ.

ಮುಗಿಸುವುದು

ಪಾಪ್ಲರ್ ಕಡಿದರೆ ಸಾಯುವುದಿಲ್ಲ. ಬುಡ ಚಿಗುರುತ್ತದೆ, ಬೇರಿನಿಂದ ಮರಿ ಏಳುತ್ತದೆ, ಮುರಿದು ಬಿದ್ದ ಕಡ್ಡಿಯೂ ತೇವದ ಮಣ್ಣಲ್ಲಿ ಬೇರು ಬಿಡುತ್ತದೆ. ಬುಡಗಳನ್ನು ಕಿತ್ತು ಅಥವಾ ಕಳೆನಾಶಕ ಬಳಿದು ಸಾಯಿಸಿ, ಉಳಿದ ಕಡ್ಡಿಗಳನ್ನು ಹೊರಗೆ ಬಿಡದೆ ಅಲ್ಲೇ ಸುಡಬೇಕು. ಆಮೇಲೆ ಅನುಮತಿ ಪತ್ರದಲ್ಲಿ ಹೇಳಿದಷ್ಟು ವರ್ಷ ಬೇಲಿಯ ಒಳಗೂ ಹೊರಗೂ ನಡೆದು ನೋಡಿ, ಸಿಕ್ಕ ಪ್ರತಿ ಚಿಗುರನ್ನೂ ಕಿತ್ತು, ದಿನಾಂಕ ಮತ್ತು ಜಾಗದ ಸಮೇತ ಬರೆದಿಡಬೇಕು. ಪ್ರಯೋಗದ ಹಣ ಹೊಂದಿಸುವಾಗಲೇ ಈ ವರ್ಷಗಳ ಖರ್ಚನ್ನೂ ಸೇರಿಸಿಕೊಳ್ಳಿ.