ಗಾಳಿಯಂತ್ರದ ರೆಕ್ಕೆಗೆ ಪುಟ್ಟ ರೆಕ್ಕೆ ಅಂಟಿಸುವುದು ಹೇಗೆ?

ಕಾರವಾರದ ಕಡಲ ಬದಿಯಲ್ಲಿ ತಾರಸಿ ಮೇಲೆ ಸಣ್ಣ ಗಾಳಿಯಂತ್ರ ಇಟ್ಟುಕೊಂಡಿದ್ದೀರಾ? ಮೊದಲು ಬ್ರೇಕ್ ಹಾಕಿ, ರೆಕ್ಕೆಗಳನ್ನು ಹಗ್ಗದಿಂದ ಕಟ್ಟಿ. ಆಮೇಲೆ ಮುಂದಿನ ಅಂಚನ್ನು ಬೆರಳಿಂದ ಸವರಿ ನೋಡಿ. ಉಪ್ಪು ಕಟ್ಟಿ ಮರಳು ಕಾಗದದ ಹಾಗೆ ತರಿತರಿ ಇದ್ದರೆ ಸಿಹಿನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಏನು ಅಂಟಿಸಿದರೂ ದಂಡ.

ಈಗ ಆ ಪುಟ್ಟ ರೆಕ್ಕೆ, ಅಂದರೆ ವೋರ್ಟೆಕ್ಸ್ ಜನರೇಟರ್. ಹೆಸರು ದೊಡ್ಡದು, ವಸ್ತು ಮಾತ್ರ ಉಗುರಿನಷ್ಟು ತ್ರಿಕೋನ. ರೆಕ್ಕೆಯ ಬುಡ ದಪ್ಪಗಿರುತ್ತದೆ ಅಲ್ವಾ, ಅಲ್ಲಿ ಗಾಳಿ ಮೈಗೆ ಅಂಟಿಕೊಳ್ಳದೆ ಬೇಗ ಕಿತ್ತುಕೊಂಡು ಹೋಗುತ್ತದೆ. ಈ ತ್ರಿಕೋನಗಳು ಸುಳಿ ಎಬ್ಬಿಸಿ ಮೇಲಿನ ವೇಗದ ಗಾಳಿಯನ್ನು ಕೆಳಗೆಳೆದು ಅದನ್ನು ಹಿಡಿದಿಡುತ್ತವೆ. ಉಬ್ಬಿದ ಬದಿಯಲ್ಲಿ, ಬುಡದ ಮೂರನೇ ಒಂದು ಭಾಗದಲ್ಲಿ, ಮುಂದಿನ ಅಂಚಿನಿಂದ ಅಗಲದ ಶೇ. 20–30ರಷ್ಟು ಹಿಂದೆ ಜೋಡಿ ಜೋಡಿಯಾಗಿ ಅಂಟಿಸಿ. ಜೋಡಿಯ ಎರಡೂ ನೆಟ್ಟಗೆ ನಿಂತು, ಗಾಳಿ ಹರಿಯುವ ದಿಕ್ಕಿಗೆ ಎದುರು ಬದುರಾಗಿ ಸುಮಾರು 15 ಡಿಗ್ರಿ ಓರೆಯಾಗಿರಲಿ. ರೆಕ್ಕೆ 20 ಸೆಂ.ಮೀ. ಅಗಲವಿದ್ದರೆ 2 ಮಿ.ಮೀ. ಎತ್ತರ ಸಾಕು. ಜಾಸ್ತಿ ಮಾಡಿದರೆ ಎಳೆತ ಹೆಚ್ಚಿ ನಷ್ಟವೇ.

ಡಬಲ್ ಸೈಡ್ ಅಕ್ರಿಲಿಕ್ ಟೇಪ್ ಬಳಸಿ. ಮಳೆಗಾಲದಲ್ಲಿ ಬೇಡವೇ ಬೇಡ, ನಮ್ಮ ಕರಾವಳಿಯ ಜೂನ್–ಸೆಪ್ಟೆಂಬರ್ ತೇವದಲ್ಲಿ ಟೇಪ್ ಸರಿಯಾಗಿ ಹಿಡಿಯುವುದಿಲ್ಲ. ಎಲ್ಲ ರೆಕ್ಕೆಗೂ ಅಷ್ಟೇ ಸಂಖ್ಯೆ, ಅದೇ ಜಾಗ. ತೂಕ ತಪ್ಪಿದರೆ ಕಂಬವೇ ನಡುಗುತ್ತದೆ.

ಸದ್ದು ತೊಂದರೆಯಾಗಿದ್ದರೆ ಹಿಂದಿನ ಅಂಚಿಗೆ, ತುದಿಯ ಕಡೆ, ಗರಗಸದ ಹಲ್ಲಿನಂಥ ಪಟ್ಟಿ ಹಾಕಬಹುದು. ತ್ರಿಕೋನಗಳಿಂದ ಸಿಗುವ ವಿದ್ಯುತ್ತಿನ ಲಾಭ ಕೆಲವೇ ಶೇಕಡಾ. ಅದಕ್ಕೇ ಅಂಟಿಸುವ ಮೊದಲು ಒಂದು ತಿಂಗಳು ಗಾಳಿಯ ವೇಗ, ಯೂನಿಟ್ ಎರಡನ್ನೂ ಬರೆದಿಡಿ, ಆಮೇಲೆ ಅದೇ ವೇಗದ ದಿನಗಳನ್ನು ಹೋಲಿಸಿ ನೋಡಿ.