ಎಡಗಡೆ ಕಿಟಕಿ ಹಿಡಿಯಿರಿ

ಮೊದಲ ಸಲ ಹೋದಾಗ ನಾನು ಏನೂ ನೋಡಲಿಲ್ಲ. ನವೆಂಬರ್ ತಿಂಗಳು. ಷಿಕಾಗೋದಿಂದ ಸಿಯಾಟಲ್‌ಗೆ ಎಂಪೈರ್ ಬಿಲ್ಡರ್ ರೈಲು ಹತ್ತಿದ್ದೆ. ಮೊಂಟಾನಾದ ಗ್ಲೇಸಿಯರ್ ನ್ಯಾಷನಲ್ ಪಾರ್ಕ್ ಬರುವಷ್ಟರಲ್ಲಿ ಕಗ್ಗತ್ತಲೆ. ಕಿಟಕಿ ಗಾಜಿನಲ್ಲಿ ಕಂಡದ್ದು ನನ್ನದೇ ಮುಖ.

ಅಮ್ಮ ಸಕಲೇಶಪುರದಿಂದ ಬಂದಾಗ ಪ್ಲ್ಯಾನ್ ತಿರುಗಿಸಿದೆ. ಜೂನ್‌ನಲ್ಲಿ, ಸಿಯಾಟಲ್‌ನಿಂದ ಪೂರ್ವಕ್ಕೆ. ಸಂಜೆ ಹೊರಟರೆ ಬೆಳಿಗ್ಗೆ ಬೆಟ್ಟದಲ್ಲಿರುತ್ತೀರಿ. ಮಲಗುವ ಕೋಣೆಗೆ ದುಡ್ಡು ಜಾಸ್ತಿ ಅಂತ ಬರೀ ಸೀಟು ತಗೊಂಡೆವು. ಕಾಲು ಚಾಚಲು ಬೇಕಾದಷ್ಟು ಜಾಗವಿದೆ. ಬುತ್ತಿಗೆ ಚಪಾತಿ, ಚಟ್ನಿಪುಡಿ.

ಹೊರಗಿನ ನೋಟಕ್ಕೆಂದೇ ಇರುವ ದೊಡ್ಡ ಗಾಜಿನ ಬೋಗಿ ಸಿಯಾಟಲ್‌ನಿಂದ ಬರುವುದಿಲ್ಲ. ಅದು ಪೋರ್ಟ್‌ಲ್ಯಾಂಡ್ ರೈಲಿನದು. ನಡುರಾತ್ರಿ ಸ್ಪೋಕೇನ್‌ನಲ್ಲಿ ಎರಡೂ ಸೇರಿ ಒಂದಾಗುತ್ತವೆ. ಬೆಳಿಗ್ಗೆ ಆರಕ್ಕೇ ಹೋಗಿ ಅಲ್ಲಿ ಎಡಗಡೆ ಕೂತೆವು. ಯಾಕೆ ಎಡಗಡೆ ಅಂದರೆ, ಇಲ್ಲಿ ಫ್ಲ್ಯಾಟ್‌ಹೆಡ್ ನದಿಯ ನಡುಕವಲೇ ಪಾರ್ಕಿನ ಗಡಿ. ಹಳಿ ಈ ದಡದಲ್ಲಿ, ಪಾರ್ಕ್ ಆ ದಡದಲ್ಲಿ.

ಈ ದಾರಿ ಸಿಕ್ಕಿದ್ದು 1889ರ ಡಿಸೆಂಬರ್‌ನಲ್ಲಿ. ಜಾನ್ ಎಫ್. ಸ್ಟೀವನ್ಸ್ ಅನ್ನುವ ಎಂಜಿನಿಯರ್ ಮರಾಯಸ್ ಕಣಿವೆದಾರಿ ತಲುಪಿದಾಗ ರಾತ್ರಿಯಾಗಿತ್ತು. ಹೆಪ್ಪುಗಟ್ಟಿ ಸಾಯಬಾರದು ಅಂತ ಬೆಳಗಾಗುವವರೆಗೆ ಹಿಮದಲ್ಲೇ ಹಿಂದೆ ಮುಂದೆ ನಡೆದರಂತೆ. ಎತ್ತರ ಸುಮಾರು 5,200 ಅಡಿ ಮಾತ್ರ. ರಾಕಿ ಪರ್ವತಕ್ಕೆ ಇದು ಬಹಳ ಕಡಿಮೆ. ಗ್ರೇಟ್ ನಾರ್ದರ್ನ್ ರೈಲ್ವೆಯ ಮುಖ್ಯಸ್ಥ ಜೇಮ್ಸ್ ಹಿಲ್‌ಗೆ ಬೇಕಿದ್ದದ್ದೂ ಇಂಥದ್ದೇ. ಏರು ಕಡಿಮೆಯಾದರೆ ಕಲ್ಲಿದ್ದಲೂ ಕಡಿಮೆ, ಅಲ್ವಾ? 1891ರಲ್ಲಿ ಹಳಿ ಈ ಕಣಿವೆ ದಾಟಿತು.

ಕಡಿಮೆ ಅಂದರೂ ಪಶ್ಚಿಮದಿಂದ ಹತ್ತುವಾಗ ಏರು ಸುಮಾರು 55ಕ್ಕೆ 1, ಅಂದರೆ 55 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ 50ಕ್ಕೆ 1. ಎಸೆಕ್ಸ್ ಅನ್ನುವ ಊರಲ್ಲಿ, ಏರು ಹತ್ತಿಸಲು ಗೂಡ್ಸ್ ರೈಲಿಗೆ ಸೇರಿಸುವ ಹೆಚ್ಚುವರಿ ಎಂಜಿನ್‌ಗಳನ್ನು ತೋರಿಸಿ "ಬ್ಯಾಂಕರ್" ಅಂದೆ. ನಮ್ಮ ಘಾಟಿಯಲ್ಲೂ ಇವಕ್ಕೆ ಅದೇ ಹೆಸರು, ಅಮ್ಮನಿಗೆ ತಕ್ಷಣ ಅರ್ಥವಾಯಿತು. ಆದರೂ ಅಸಮಾಧಾನ. "ಸುರಂಗಗಳೇ ಇಲ್ಲವಲ್ಲೋ!" 57 ಸುರಂಗದ ಘಾಟಿ ನೋಡಿದವರು ಇನ್ನೇನು ಹೇಳಿಯಾರು? ಇಲ್ಲಿ ಸುರಂಗ ಕೆಲವೇ, ಕಣ್ಣಿಗೆ ಬೀಳುವುದು ಹಳಿಯ ಮೇಲೆ ಕಟ್ಟಿದ ಇಳಿಜಾರು ಚಾವಣಿಗಳು. ಬೆಟ್ಟದಿಂದ ಜಾರಿದ ಹಿಮ ಅದರ ಮೇಲೆ ಹಾದು ನದಿಯತ್ತ ಇಳಿಯುತ್ತದೆ.

ಈಸ್ಟ್ ಗ್ಲೇಸಿಯರ್‌ನಲ್ಲಿ ಇಳಿದೆವು. ಚಳಿಗಾಲದಲ್ಲಿ ರೈಲು ಇಲ್ಲಿ ನಿಲ್ಲುವುದಿಲ್ಲ, ಹತ್ತಿರದ ಬ್ರೌನಿಂಗ್ ನಿಲ್ದಾಣಕ್ಕೆ ಹೋಗಬೇಕು. ನಿಲ್ದಾಣದ ಎದುರಿಗೇ 1913ರ ಲಾಡ್ಜ್. ಒಳಗೆ 40 ಅಡಿಯ ಡಗ್ಲಸ್ ಫರ್ ಕಂಬಗಳು, ತೊಗಟೆ ಸಮೇತ. ಇದನ್ನು ಕಟ್ಟಿಸಿದ್ದೂ ರೈಲ್ವೆಯೇ. 1910ರಲ್ಲಿ ಪಾರ್ಕ್ ಆಗಲು ಒತ್ತಾಯಿಸಿದವರಲ್ಲಿ ಹಿಲ್ ಮಗ ಲೂಯಿಸ್ ಒಬ್ಬರು. ಕಾಡಿನ ಮೇಲಿನ ಪ್ರೀತಿಗಿಂತ ಟಿಕೆಟ್ ಮಾರುವ ಆಸೆಯೇ ಜಾಸ್ತಿ ಇತ್ತು ಅಂತ ನನ್ನ ಲೆಕ್ಕ. ಪಾರ್ಕಿನ ಪೂರ್ವ ಭಾಗ ಇಲ್ಲಿಯ ಮೂಲನಿವಾಸಿಗಳಾದ ಬ್ಲ್ಯಾಕ್‌ಫೀಟ್ ಜನರದಾಗಿತ್ತು. 1895ರಲ್ಲಿ 15 ಲಕ್ಷ ಡಾಲರ್‌ಗೆ ಸರ್ಕಾರ ಅವರಿಂದ ಕೊಂಡದ್ದು. ಆಮೇಲೆ ರೈಲ್ವೆಯವರು ಅದೇ ಜನರನ್ನು ಗರಿಯ ಕಿರೀಟ ಹಾಕಿಸಿ ಪ್ರವಾಸಿಗರ ಸ್ವಾಗತಕ್ಕೆ ನಿಲ್ಲಿಸಿದರು. ಇದನ್ನು ಹೇಳಿದಾಗ ಅಮ್ಮ ಸುಮ್ಮನೆ ಕಂಬದ ತೊಗಟೆ ಮುಟ್ಟಿ ನೋಡಿದರು.

ಸಂಜೆ ಹುಲ್ಲುಹಾಸಿನಲ್ಲಿ ಕೂತಿದ್ದಾಗ ಗೂಡ್ಸ್ ರೈಲೊಂದು ಬಂತು. ಅಮ್ಮ ಡಬ್ಬಿ ಎಣಿಸಲು ಶುರುಮಾಡಿದರು. ತೊಂಬತ್ತರ ಹತ್ತಿರ ಲೆಕ್ಕ ತಪ್ಪಿತು. "ನೀನು ಮಾತಾಡಿಸಬೇಡ" ಅಂತ ನನಗೇ ಬೈದರು.