ಸ್ಯಾಂಪ್ಲರ್‌ನಲ್ಲಿ ಸ್ವರ ಜಾರಿಸುವುದು ಹೇಗೆ?

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವರ ಎಡಗೈ ನೋಡಿದ್ದೀರಾ? ಬಲಗೈ ಕೀಗಳ ಮೇಲೆ ಓಡುತ್ತಿದ್ದರೆ, ಎಡಗೈ ಮೂಲೆಯಲ್ಲಿರುವ ಪುಟ್ಟ ಚಕ್ರವನ್ನು ಆಡಿಸುತ್ತಾ ಇರುತ್ತದೆ. ಕೊಳಲಿನ ಟೋನ್‌ಗೆ ಜೀವ ಬರುವುದು ಅಲ್ಲಿಂದಲೇ. ಕಂಪ್ಯೂಟರಿನ ಸ್ಯಾಂಪ್ಲರ್‌ನಲ್ಲೂ (ರೆಕಾರ್ಡ್ ಮಾಡಿದ ಸದ್ದನ್ನು ಕೀಗಳ ಮೇಲೆ ನುಡಿಸಲು ಬಿಡುವ ಸಾಫ್ಟ್‌ವೇರ್) ಇದೇ ಕೆಲಸ ಮಾಡಬಹುದು. ನಿಮ್ಮದೇ ಮನೆಯ ಹಾರ್ಮೋನಿಯಂ, ಕೊಳಲು, ಬೇಕಿದ್ದರೆ ಹಿತ್ತಾಳೆ ಚೊಂಬಿನ ಸದ್ದನ್ನೂ ಜಾರಿಸಬಹುದು.

ಇಲ್ಲಿ ಏಬಲ್‌ಟನ್ ಲೈವ್ ಎಂಬ ಸಂಗೀತ ತಯಾರಿಸುವ ಸಾಫ್ಟ್‌ವೇರಿನಲ್ಲಿರುವ ಸಿಂಪ್ಲರ್ ಎಂಬ ಸ್ಯಾಂಪ್ಲರ್ ಅನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬೇರೆ ಸ್ಯಾಂಪ್ಲರ್‌ಗಳಲ್ಲಿ ನಾಬ್‌ಗಳ ಹೆಸರು ಸ್ವಲ್ಪ ಆಚೀಚೆ ಆಗಬಹುದು, ಕೆಲಸ ಅದೇ.

ಮೊದಲು ಶ್ರುತಿ ಸರಿಮಾಡಿ

ಕೊಳಲಿನ ಒಂದೇ ಒಂದು ಉದ್ದ ಸ್ವರವನ್ನು ರೆಕಾರ್ಡ್ ಮಾಡಿ ಸಿಂಪ್ಲರ್‌ಗೆ ಎಳೆದು ಹಾಕಿ. ಕ್ಲಾಸಿಕ್ ಮೋಡ್ ಇರಲಿ, ವಾರ್ಪ್ (ವೇಗ ಬದಲಿಸದೆ ಸ್ವರ ಬದಲಿಸುವ ಸೌಲಭ್ಯ) ಆಫ್ ಇರಲಿ. ಈಗ ಸಿ3 ಕೀ, ಅಂದರೆ ಕೀಬೋರ್ಡಿನ ನಡುವಿನ ಸಿ ಒತ್ತಿದರೆ ರೆಕಾರ್ಡ್ ಮಾಡಿದ ಸ್ವರ ಇದ್ದ ಹಾಗೇ ಕೇಳುತ್ತದೆ. ಎಡವಟ್ಟು ಆಗುವುದು ಇಲ್ಲೇ. ನೀವು ಊದಿದ್ದು ಐದು ಮನೆಯ ಸ್ವರ, ಅಂದರೆ ಜಿ ಆಗಿದ್ದರೆ, ಸಿ ಒತ್ತಿದಾಗ ಜಿ ಬರುತ್ತದೆ! ನಾನು ಮೊದಲ ಸಲ ಇದನ್ನು ಗಮನಿಸದೆ, ತಂಬೂರಿ ಆ್ಯಪ್‌ನದ್ದೇ ತಪ್ಪು ಅಂತ ಅರ್ಧ ಗಂಟೆ ಅದರ ಜೊತೆ ಗುದ್ದಾಡಿದ್ದೆ.

ಪರಿಹಾರ ಸುಲಭ. ಕಂಟ್ರೋಲ್ಸ್ ಟ್ಯಾಬ್‌ನಲ್ಲಿರುವ ಟ್ರಾನ್ಸ್‌ಪೋಸ್ ಅನ್ನು ಮೈನಸ್ 7 ಮಾಡಿ. ಜಿ ಇಂದ ಕೆಳಗಿನ ಸಿ ಗೆ ಏಳು ಸೆಮಿಟೋನ್ ದೂರ (ಕಪ್ಪು, ಬಿಳಿ ಎರಡೂ ಸೇರಿ ಒಂದು ಕೀಯಿಂದ ಪಕ್ಕದ ಕೀಗೆ ಇರುವ ಅಂತರವೇ ಒಂದು ಸೆಮಿಟೋನ್). ಆಮೇಲೆ ಟ್ಯೂನರ್ ಇಟ್ಟು ನೋಡಿ. 12 ಸೆಂಟ್ ಇಳಿದಿದೆ ಎಂದು ತೋರಿಸಿದರೆ ಡಿಟ್ಯೂನ್ ಅನ್ನು ಪ್ಲಸ್ 12 ಮಾಡಿ. ಒಂದು ಸೆಮಿಟೋನ್‌ಗೆ 100 ಸೆಂಟ್, ಒಂದು ಸ್ಥಾಯಿಗೆ 1200.

ಒಂದು ವಿಷಯ ನೆನಪಿರಲಿ. ಸ್ಯಾಂಪ್ಲರ್ ಸ್ವರ ಏರಿಸುವುದು ಸದ್ದನ್ನು ಬೇಗ ಓಡಿಸಿ. ಒಂದು ಸ್ಥಾಯಿ ಮೇಲೆ ಹೋದರೆ ವೇಗ ಎರಡು ಪಟ್ಟು. ಎರಡು ಸೆಕೆಂಡಿನ ಸದ್ದು ಒಂದೇ ಸೆಕೆಂಡಿಗೆ ಮುಗಿಯುತ್ತದೆ. ಮನುಷ್ಯರ ದನಿ ಆಗಿದ್ದರೆ ಅಳಿಲು ಹಾಡಿದ ಹಾಗೆ ಕೀಚಲಾಗುತ್ತದೆ. ಆದ್ದರಿಂದ ಮೂಲ ಸ್ವರದಿಂದ ಐದಾರು ಸೆಮಿಟೋನ್ ಒಳಗೇ ಆಡಿದರೆ ಚೆಂದ.

ಚಕ್ರ ಎಷ್ಟು ದೂರ ಎಳೆಯಬೇಕು?

ಪಿಚ್ ಬೆಂಡ್ ಚಕ್ರ ಸ್ಯಾಂಪ್ಲರ್‌ಗೆ ಕಳಿಸುವುದು 0 ರಿಂದ 16383 ರವರೆಗಿನ ಒಂದು ಸಂಖ್ಯೆ ಅಷ್ಟೆ. ಕೈ ಬಿಟ್ಟರೆ ಸ್ಪ್ರಿಂಗ್ ಅದನ್ನು ನಡುವಿಗೆ, ಅಂದರೆ 8192 ಕ್ಕೆ ತರುತ್ತದೆ. ಆ ಸಂಖ್ಯೆಗೆ ಸ್ವರ ಎಷ್ಟು ಸರಿಯಬೇಕು ಅನ್ನುವುದು ಬೆಂಡ್ ರೇಂಜ್‌ನ ಕೆಲಸ. ಸಾಮಾನ್ಯವಾಗಿ ಅದು ಮೇಲೆ 2, ಕೆಳಗೆ 2 ಸೆಮಿಟೋನ್ ಇರುತ್ತದೆ.

ಇದು ಕಡಿಮೆ ಅನ್ನಿಸಿ ಹಲವರು ನೇರ 12 ಕ್ಕೆ ಏರಿಸುತ್ತಾರೆ. ಬೇಡ. ತೋಡಿ ರಾಗದ ಗಾಂಧಾರವನ್ನೇ ತೆಗೆದುಕೊಳ್ಳಿ. ಅದು ಒಂದೇ ಕಡೆ ನಿಲ್ಲುವ ಸ್ವರವಲ್ಲ, ಸ್ಥೂಲವಾಗಿ ರಿಷಭದಿಂದ ಮಧ್ಯಮದವರೆಗೆ ತೂಗಾಡುತ್ತದೆ. ಷಡ್ಜದಿಂದ ಸೆಮಿಟೋನ್ ಲೆಕ್ಕದಲ್ಲಿ ಎಣಿಸಿದರೆ ಶುದ್ಧ ರಿಷಭ 1, ಸಾಧಾರಣ ಗಾಂಧಾರ 3, ಶುದ್ಧ ಮಧ್ಯಮ 5. ಗಾಂಧಾರದ ಕೀ ಒತ್ತಿ ಹಿಡಿದರೆ ಕೆಳಗೆ ಎರಡು, ಮೇಲೆ ಎರಡು. ಸರಿಯಾಗಿ ಚಕ್ರದ ಪೂರ್ತಿ ಓಟ! ರೇಂಜ್ 12 ಇದ್ದರೆ ಅಷ್ಟೇ ಅಂತರಕ್ಕೆ ಚಕ್ರವನ್ನು ಕೂದಲೆಳೆಯಷ್ಟು ಸರಿಸಬೇಕು. ಕೈಗೆ ಅಂದಾಜೇ ಸಿಗುವುದಿಲ್ಲ.

ಸಾ ಒತ್ತಿ, ಚಕ್ರ ಪೂರ್ತಿ ತಳ್ಳಿ, ಚತುಶ್ರುತಿ ರಿಷಭ ಮುಟ್ಟುತ್ತದಾ ಕೇಳಿ. ಮುಟ್ಟಿದರೆ ರೇಂಜ್ 2 ಇದೆ ಎಂದರ್ಥ. ಇದನ್ನೇ ನಿಧಾನವಾಗಿ ಹತ್ತು ನಿಮಿಷ ಮಾಡಿ. ಬೇಜಾರಾಗುತ್ತೆ, ಆದರೂ ಮಾಡಿ.

ಇನ್ನು ಗ್ಲೈಡ್

ಚಕ್ರವನ್ನು ಆಡಿಸುವುದು ನೀವು. ಗ್ಲೈಡ್ ತಾನಾಗಿಯೇ ಜಾರುತ್ತದೆ. ಒಂದು ಕೀಯಿಂದ ಇನ್ನೊಂದಕ್ಕೆ ಹೋದಾಗ ಸ್ವರ ಜಿಗಿಯುವ ಬದಲು ಹಳೆಯ ಜಾಗದಿಂದ ಹೊಸ ಜಾಗಕ್ಕೆ ಹರಿದು ಹೋಗುತ್ತದೆ. ನಮ್ಮ ಸಂಗೀತದ ಜಾರುವಿಗೆ ಇದು ಹತ್ತಿರ. ಕಂಪಿತಕ್ಕೆ, ಅಂದರೆ ಸ್ವರವನ್ನು ಅತ್ತಿತ್ತ ತೂಗಾಡಿಸುವ ಗಮಕಕ್ಕೆ ಮಾತ್ರ ಇದನ್ನು ನಂಬಬೇಡಿ. ಒಂದು ದಿಕ್ಕಿಗೆ ಹೋಗಿ ನಿಲ್ಲುವುದಷ್ಟೇ ಇದಕ್ಕೆ ಗೊತ್ತು.

ಸಿಂಪ್ಲರ್‌ನಲ್ಲಿ ಎರಡು ಆಯ್ಕೆಗಳಿವೆ. ಗ್ಲೈಡ್ ಎಂದರೆ ಒಂದು ಸಲಕ್ಕೆ ಒಂದೇ ಸ್ವರ. ಪೋರ್ಟಮೆಂಟೊ ಆರಿಸಿದರೆ ಹಲವು ಸ್ವರ ಒಟ್ಟಿಗೆ ಜಾರಬಹುದು. ಕೊಳಲಿಗೆ ಮೊದಲನೆಯದೇ ಸರಿ. ಪಕ್ಕದಲ್ಲೇ ಇರುವ ಟೈಮ್ ಅನ್ನು 80 ಮಿಲಿಸೆಕೆಂಡ್ ಆಸುಪಾಸಿಗೆ ಇಡಿ. 300 ದಾಟಿದರೆ ಪ್ರತಿ ಸ್ವರವೂ ಕಾಲು ಜಾರಿ ಬಿದ್ದ ಹಾಗೆ ಕೇಳುತ್ತದೆ. ಹೊಸಬರ ಟ್ರ್ಯಾಕ್‌ಗಳಲ್ಲಿ ನನಗೆ ಕಿರಿಕಿರಿ ಮಾಡುವುದು ಇದೇ.

ಗ್ಲೈಡ್ ಕೇಳಿಸುತ್ತಲೇ ಇಲ್ಲವಾ? ಎರಡನೇ ಕೀ ಒತ್ತುವವರೆಗೆ ಮೊದಲನೆಯದನ್ನು ಬಿಡಬೇಡಿ. ಎಷ್ಟೋ ಸ್ಯಾಂಪ್ಲರ್‌ಗಳು ಹೀಗೆ ಒಂದರ ಮೇಲೊಂದು ಹಾದಾಗ ಮಾತ್ರ ಜಾರುತ್ತವೆ. ಮೌಸ್‌ನಿಂದ ಬರೆಯುವುದಾದರೆ ಮೊದಲ ಸ್ವರದ ಬಾಲವನ್ನು ಎರಡನೆಯದರ ಒಳಗೆ ಸ್ವಲ್ಪ ಎಳೆಯಿರಿ.

ಇನ್ನೊಂದು ತಾಪತ್ರಯ: ನಾಲ್ಕೈದು ಸ್ವರ ಚೆನ್ನಾಗಿ ಜಾರಿ, ಇದ್ದಕ್ಕಿದ್ದಂತೆ ಸದ್ದೇ ನಿಂತುಹೋಗುತ್ತದೆ. ಹೀಗೆ ಕೂಡಿಸಿ ನುಡಿಸಿದಾಗ ಸದ್ದು ಮೊದಲಿಂದ ಶುರುವಾಗದೆ ಮುಂದುವರಿಯುತ್ತಾ ಹೋಗಿ, ರೆಕಾರ್ಡಿಂಗ್‌ನ ಕೊನೆ ತಲುಪಿರುತ್ತದೆ. ಲೂಪ್ (ಆರಿಸಿದ ಭಾಗವನ್ನೇ ಮತ್ತೆ ಮತ್ತೆ ನುಡಿಸುವುದು) ಆನ್ ಮಾಡಿ, ಕೊಳಲಿನ ಸದ್ದು ಸಮವಾಗಿರುವ ನಡುಭಾಗವನ್ನು ಆರಿಸಿ. ಕೂಡುವ ಜಾಗದಲ್ಲಿ ಟಕ್ ಅಂದರೆ ಫೇಡ್ ಸ್ವಲ್ಪ ಹೆಚ್ಚಿಸಿ.

ಇದೇ ಗ್ಲೈಡ್ ಅನ್ನು ಬೇಸ್ ಡ್ರಮ್ ಮೇಲೂ ಹಾಕಿ ನೋಡಿ. 1980 ರಲ್ಲಿ ಬಂದ ರೋಲ್ಯಾಂಡ್ ಟಿಆರ್-808 ಯಂತ್ರದ ಉದ್ದ ಬಾಲದ ಬೇಸ್ ಡ್ರಮ್ ಸದ್ದನ್ನು ಇವತ್ತಿನ ಹಿಪ್‌ಹಾಪ್‌ನಲ್ಲಿ ಜಾರಿಸುವುದು ಹೀಗೆಯೇ. ಅಲ್ಲಿ ಟೈಮ್ ಜಾಸ್ತಿ ಇದ್ದರೂ ನಡೆಯುತ್ತದೆ. ತಬಲಾದ ಡಗ್ಗಾ ಮೇಲೆ ಅಂಗೈ ಒತ್ತಿ ಸರಿಸಿದಾಗ ಬರುವ ಗುಂಯ್ ಸದ್ದು ಗೊತ್ತಲ್ವಾ, ಹೆಚ್ಚೂಕಡಿಮೆ ಅದೇ ಮಜಾ. ಫೋನ್ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಅಷ್ಟು ಕೆಳಗಿನ ಸದ್ದು ಅದರಲ್ಲಿ ಬರುವುದೇ ಇಲ್ಲ.